ಮಲೆನಾಡಿನ ವಸತಿ ಶಾಲೆಗೆ ಸೌದೆ ಒಲೆಯ ಬಿಸಿನೀರು: ಖರ್ಚು ಇಳಿಸುವ ಸಮಗ್ರ ಮಾರ್ಗದರ್ಶಿ

ನಮ್ಮ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ತರಗತಿಗೆ ಹೀಟರ್ ಬೇಕು ಅಂತ ಯಾರೂ ಕೇಳುವುದಿಲ್ಲ. ಇಲ್ಲಿ ಮಕ್ಕಳನ್ನು ಕಾಡುವುದು ಮಳೆಗಾಲದ ಥಂಡಿ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ದಾಟಿ ಮಳೆ ಸುರಿಯುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಆರಿದ್ರ, ಪುನರ್ವಸು, ಪುಷ್ಯ ಮಳೆ ಹಿಡಿದರೆ ಎಷ್ಟೋ ದಿನ ಬಿಸಿಲಿನ ಮುಖ ಕಾಣುವುದಿಲ್ಲ. ಹಾಸ್ಟೆಲಿನ ಮಗು ಬೆಳಿಗ್ಗೆ ಆರಕ್ಕೆ ತಣ್ಣೀರು ಸುರಿದುಕೊಂಡು, ಸರಿಯಾಗಿ ಒಣಗದ ಸಮವಸ್ತ್ರ ಹಾಕಿಕೊಂಡು ಪಾಠಕ್ಕೆ ಕೂರುತ್ತದೆ. ಹಾಗಾಗಿ ಇಲ್ಲಿನ ಶಾಲೆಗೆ ಬಿಸಿ ಬೇಕಾಗಿರುವುದು ಎರಡು ಕಡೆ: ಬಚ್ಚಲಲ್ಲಿ ಮತ್ತು ಬಟ್ಟೆ ಒಣಗಿಸುವ ಜಾಗದಲ್ಲಿ.

ನಾನು ಸಣ್ಣ ವಸತಿ ಶಾಲೆಯೊಂದರ ಸಮಿತಿಯಲ್ಲಿದ್ದು ಲೆಕ್ಕಪುಸ್ತಕ ನೋಡಿಕೊಂಡವನು. ಗ್ಯಾಸ್ ಖರ್ಚು ಇಳಿಸೋಣ ಅಂತ ಒಂದು ವರ್ಷ ಹೊಸ ಒಲೆ ಕಟ್ಟಿಸಿದೆವು. ಸೌದೆಯನ್ನು ಮಾತ್ರ ಜೂನ್‌ನಲ್ಲಿ ತರಿಸಿದೆವು. ಆಗಷ್ಟೇ ಕಡಿದ ಅಕೇಶಿಯಾ, ಒಂದು ಲೋಡು. ಒಲೆ ಚೆನ್ನಾಗಿಯೇ ಇತ್ತು, ಉರಿ ಮಾತ್ರ ಹತ್ತಲಿಲ್ಲ. ಅಡುಗೆಯವರ ಕಣ್ಣೆಲ್ಲ ಕೆಂಪು. ನೀರು ಉಗುರುಬೆಚ್ಚಗಾಗಲು ಎರಡು ಗಂಟೆ. ಕೊನೆಗೆ ಸೌದೆಗೂ ದುಡ್ಡು ಕೊಟ್ಟು, ಸಿಲಿಂಡರನ್ನೂ ತರಿಸಿದೆವು. ಆ ಮಳೆಗಾಲ ಕಲಿಸಿದ ಪಾಠವೇ ಈ ಬರಹದ ತಿರುಳು: ದುಡ್ಡು ಉಳಿಯುವುದು ಮೊದಲು ಸೌದೆಮನೆಯಲ್ಲಿ, ಆಮೇಲೆ ಒಲೆಯಲ್ಲಿ.

ಮೊದಲು ಲೆಕ್ಕ: ನಿಮಗೆ ಎಷ್ಟು ಬಿಸಿ ಬೇಕು?

ಈ ಲೆಕ್ಕ ಏಳನೇ ತರಗತಿಯ ಮಕ್ಕಳೂ ಮಾಡಬಹುದು. ಅವರಿಂದಲೇ ಮಾಡಿಸಿದರೆ ಇನ್ನೂ ಒಳ್ಳೆಯದು. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಒಂದು ಕಿಲೋ ಕ್ಯಾಲರಿ ಶಾಖ ಬೇಕು. ಅಷ್ಟೇ ಸೂತ್ರ.

60 ಮಕ್ಕಳು, ಒಬ್ಬರಿಗೆ 15 ಲೀಟರ್ ಅಂತ ಇಟ್ಟುಕೊಳ್ಳಿ. ಒಟ್ಟು 900 ಲೀಟರ್. ಬಾವಿ ನೀರು 22 ಡಿಗ್ರಿ ಇದೆ, ಸ್ನಾನಕ್ಕೆ 40 ಡಿಗ್ರಿ ಬೇಕು ಅಂದರೆ 18 ಡಿಗ್ರಿ ಏರಿಸಬೇಕು. 900ನ್ನು 18ರಿಂದ ಗುಣಿಸಿದರೆ 16,200 ಕಿಲೋ ಕ್ಯಾಲರಿ. ನಿಮ್ಮ ಬಾವಿಯ ನೀರನ್ನು ಜುಲೈ ತಿಂಗಳ ಬೆಳಿಗ್ಗೆ ಥರ್ಮಾಮೀಟರ್ ಇಟ್ಟು ಅಳೆಯಿರಿ. ಊಹೆ ಬೇಡ.

ಈಗ ಇದನ್ನು ಉರುವಲಿಗೆ ಹೊಂದಿಸೋಣ. ಚೆನ್ನಾಗಿ ಒಣಗಿದ ಒಂದು ಕೆಜಿ ಸೌದೆಯಲ್ಲಿ ಸುಮಾರು 3,500 ಕಿಲೋ ಕ್ಯಾಲರಿ ಇರುತ್ತದೆ. ಮೂರು ಕಲ್ಲಿನ ಒಲೆಯಲ್ಲಿ ಅದರ ಸುಮಾರು ಹತ್ತರಲ್ಲಿ ಒಂದು ಭಾಗ ಮಾತ್ರ ನೀರಿಗೆ ಸೇರುತ್ತದೆ. ಉಳಿದದ್ದು ಗಾಳಿಗೆ ಹೋಗುತ್ತದೆ. ಹಾಗೆ ಉರಿಸಿದರೆ ದಿನಕ್ಕೆ 46 ಕೆಜಿ ಸೌದೆ ಬೇಕು. ಸರಿಯಾಗಿ ಕಟ್ಟಿದ ಒಲೆಯಲ್ಲಿ ಹತ್ತರಲ್ಲಿ ಮೂರು ಭಾಗ ನೀರಿಗೆ ಸಿಗುತ್ತದೆ. ಆಗ ಹದಿನೈದೂವರೆ ಕೆಜಿ ಸಾಕು. ವರ್ಷದಲ್ಲಿ 200 ದಿನ ಬಿಸಿನೀರು ಅಂದರೆ ಒಂದರಲ್ಲಿ ಒಂಬತ್ತು ಟನ್ನಿಗೂ ಮೇಲೆ, ಇನ್ನೊಂದರಲ್ಲಿ ಬರೀ ಮೂರು ಟನ್.

ಅದೇ ನೀರನ್ನು ಗ್ಯಾಸ್ ಒಲೆಯಲ್ಲಿ ಕಾಯಿಸಿದರೆ ದಿನಕ್ಕೆ ಸುಮಾರು ಎರಡೂವರೆ ಕೆಜಿ ಅನಿಲ ಬೇಕು. 19 ಕೆಜಿಯ ಸಿಲಿಂಡರ್ ಒಂದು ವಾರಕ್ಕೆ ಮುಗಿಯುತ್ತದೆ. ಕರೆಂಟಿನ ಗೀಸರ್ ಆದರೆ ದಿನಕ್ಕೆ 21 ಯೂನಿಟ್. ಬೆಲೆ ಊರಿಂದೂರಿಗೆ, ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಅದಕ್ಕೇ ರೂಪಾಯಿ ಬದಲು ಒಂದು ಹೋಲಿಕೆ ಹೇಳುತ್ತೇನೆ. ಒಳ್ಳೆಯ ಒಲೆ ಇದ್ದರೆ ಒಂದು ಕೆಜಿ ಗ್ಯಾಸ್ ಮಾಡುವ ಕೆಲಸವನ್ನು ಸುಮಾರು ಆರೂಕಾಲು ಕೆಜಿ ಒಣ ಸೌದೆ ಮಾಡುತ್ತದೆ. ಒಂದು ಯೂನಿಟ್ ಕರೆಂಟಿನ ಕೆಲಸಕ್ಕೆ ಮುಕ್ಕಾಲು ಕೆಜಿ ಸೌದೆ ಸಾಕು. ಸೀಳಿ, ಸಾಗಿಸಿ, ಒಟ್ಟುವ ಕೂಲಿಯೂ ಸೇರಿ ಆರೂಕಾಲು ಕೆಜಿ ಸೌದೆಯ ಬೆಲೆ ಒಂದು ಕೆಜಿ ಗ್ಯಾಸಿಗಿಂತ ಕಡಿಮೆ ಬಂದರೆ ಮುಂದುವರಿಯಿರಿ. ಹಳೆಯ ಒಲೆಯಲ್ಲಾದರೆ ಒಂದು ಕೆಜಿ ಗ್ಯಾಸಿಗೆ 19 ಕೆಜಿ ಸೌದೆ ಬೇಕಾಗುತ್ತದೆ. ಆಗ ಕೊಂಡ ಸೌದೆಯಲ್ಲಿ ಲಾಭ ಕಾಣುವುದು ಕಷ್ಟ.

ಇನ್ನೊಂದು ಮಾತು. ಮಾಡಿಗೆ ಚೆನ್ನಾಗಿ ಬಿಸಿಲು ಬೀಳುವ ಶಾಲೆಯಾದರೆ ಅಕ್ಟೋಬರ್‌ನಿಂದ ಮೇ ತನಕ ಸೋಲಾರ್ ಹೀಟರ್ ಬಳಸಿ, ಮಳೆಗಾಲಕ್ಕೆ ಮಾತ್ರ ಸೌದೆ ಇಟ್ಟುಕೊಳ್ಳಿ. ಸುಮ್ನೆ ಸೌದೆ ಉರಿಸುವುದರಲ್ಲಿ ಅರ್ಥವಿಲ್ಲ.

ಸೌದೆ ಎಲ್ಲಿಂದ?

ಕಾಡಿನಿಂದಲ್ಲ. ಮೀಸಲು ಅರಣ್ಯದಲ್ಲಿ ಬಿದ್ದ ಕೊಂಬೆಯನ್ನೂ ಅನುಮತಿ ಇಲ್ಲದೆ ಶಾಲೆಗೆ ತರಬೇಡಿ. ಸೊಪ್ಪಿನಬೆಟ್ಟದ (ತೋಟಕ್ಕೆ ಸೊಪ್ಪು ತರಲು ಬಿಟ್ಟಿರುವ ಸರ್ಕಾರಿ ಗುಡ್ಡದ) ಹಕ್ಕು ಅಡಕೆ ತೋಟದ ಉಪಯೋಗಕ್ಕೆಂದು ಕೊಟ್ಟದ್ದು, ಮಾರಾಟಕ್ಕಲ್ಲ. ಅಲ್ಲಿನ ಸೌದೆಯನ್ನು ಯಾರಾದರೂ ಪ್ರೀತಿಯಿಂದ ಕೊಡುತ್ತೇನೆ ಅಂದರೂ ಬೇಡ ಅನ್ನಿ. ಖಾಸಗಿ ಜಾಗದ ಮರಕ್ಕೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ. ಕೆಲವು ಜಾತಿಗಳಿಗೆ ವಿನಾಯಿತಿ ಇದೆ, ಉಳಿದವಕ್ಕೆ ಅನುಮತಿ ಬೇಕು. ವಲಯ ಅರಣ್ಯ ಕಚೇರಿಗೆ ಹೋಗಿ ಕೇಳಿ, ಸಾಗಣೆಯ ಕಾಗದವನ್ನು ಶಾಲೆಯ ಕಡತದಲ್ಲಿ ಇಡಿ. ಶಾಲೆಯ ಹೆಸರಿಗೆ ಕಳಂಕ ಬಂದರೆ ಯಾವ ಉಳಿತಾಯವೂ ಅದನ್ನು ತುಂಬಿಕೊಡುವುದಿಲ್ಲ.

ನಮ್ಮ ಸೀಮೆಯಲ್ಲಿ ಕಾಡು ಮುಟ್ಟದೆಯೇ ಬೇಕಾದಷ್ಟು ಉರುವಲಿದೆ. ಅಡಕೆ ಸುಲಿಯುವ ಹೊತ್ತಿಗೆ ರಸ್ತೆ ಬದಿಯಲ್ಲಿ ಸಿಪ್ಪೆಯ ರಾಶಿ ನೋಡಿದ್ದೀರಿ ಅಲ್ವಾ? ಕೊಳೆತು ನಾರುತ್ತದೆ, ಇಲ್ಲವೇ ಹಾಗೇ ಸುಟ್ಟು ಊರೆಲ್ಲ ಹೊಗೆ ಮಾಡುತ್ತಾರೆ. ಅದನ್ನು ಅಂಗಳದಲ್ಲಿ ಹರಡಿ ಗರಿಗರಿ ಒಣಗಿಸಿದರೆ ಒಳ್ಳೆಯ ಉರುವಲು. ಹಗುರ, ಬೇಗ ಹತ್ತುತ್ತದೆ, ಬೇಗ ಮುಗಿಯುತ್ತದೆ, ಜಾಗ ಜಾಸ್ತಿ ತಿನ್ನುತ್ತದೆ. ಅದಕ್ಕೆ ಸಿಪ್ಪೆಯನ್ನು ಉರಿ ಹಚ್ಚಲು, ನಡುವೆ ಜ್ವಾಲೆ ಎಬ್ಬಿಸಲು ಇಟ್ಟುಕೊಳ್ಳಿ. ಇಡೀ ಒಲೆ ಅದರ ಮೇಲೆ ನಡೆಸಬೇಡಿ. ತೆಂಗಿನ ಮಟ್ಟೆ, ಕರಟ, ಕಾಫಿ ತೋಟದಲ್ಲಿ ನೆರಳು ಕಡಿಮೆ ಮಾಡಲು ಸವರಿದ ಸಿಲ್ವರ್ ಓಕ್ ಕೊಂಬೆ, ಸಾಮಿಲ್ಲಿನ ಅಂಚುಪಟ್ಟಿ, ಸರಿಯಾಗಿ ಒಣಗಿಸಿದ ಅಕೇಶಿಯಾ ಇವು ನಿಜವಾದ ಆಧಾರ.

ಬಣ್ಣ ಬಳಿದ ಮರ, ಪ್ಲೈವುಡ್, ಪ್ಲಾಸ್ಟಿಕ್ ಒಲೆಗೆ ಹಾಕಲೇಬಾರದು. ಹೊಳೆಗೇರು ಮರದ ತುಂಡು ಲೋಡಿನಲ್ಲಿ ಬಂದಿದ್ದರೆ ಬೇರೆ ತೆಗೆಸಿ. ಅದರ ಸೊನೆ ತಗುಲಿದರೆ ಮೈಯೆಲ್ಲ ಬೊಬ್ಬೆ ಏಳುವುದು ನಮ್ಮ ಕಡೆಯವರಿಗೆ ಗೊತ್ತೇ ಇದೆ.

ಶಾಲೆಗೆ ಕಾಂಪೌಂಡ್ ಜಾಗ ಇದ್ದರೆ ಬೇಲಿಗುಂಟ ಗೊಬ್ಬರದ ಗಿಡ (ಗ್ಲಿರಿಸಿಡಿಯಾ) ನೆಡಿ. ಕಡಿದಷ್ಟೂ ಚಿಗುರುತ್ತದೆ. ಸೊಪ್ಪು ಕೈತೋಟಕ್ಕೆ, ಕೋಲು ಒಲೆಗೆ.

ಕೊಳ್ಳುವಾಗ ನೀರಿಗೆ ದುಡ್ಡು ಕೊಡಬೇಡಿ

ಹಸಿ ಸೌದೆಯಲ್ಲಿ ಅರ್ಧ ತೂಕ ನೀರೇ ಇರಬಹುದು. ಅಂಥ ಒಂದು ಟನ್ ಕೊಂಡರೆ, ನೂರಕ್ಕೆ 20 ನೀರು ಉಳಿಯುವಷ್ಟು ಒಣಗಿದ ಮೇಲೆ ಸಿಗುವುದು 625 ಕೆಜಿ. ಉಳಿದ 375 ಕೆಜಿ ನೀರಿಗೆ ನೀವು ಬೆಲೆ ತೆತ್ತಿರುತ್ತೀರಿ. ಒಣಗಿಸದೆ ಹಾಗೇ ಉರಿಸಿದರೆ ನಷ್ಟ ಇನ್ನೂ ದೊಡ್ಡದು. ಸೌದೆಯೊಳಗಿನ ಒಂದು ಕೆಜಿ ನೀರನ್ನು ಆವಿ ಮಾಡಲು 600 ಕಿಲೋ ಕ್ಯಾಲರಿಗೂ ಹೆಚ್ಚು ಶಾಖ ವ್ಯರ್ಥವಾಗುತ್ತದೆ. ಬೆಂಕಿ ತಣ್ಣಗಾಗಿ ಹೊಗೆ ಪೂರ್ತಿ ಉರಿಯದೆ ಚಿಮಣಿ ಸೇರುತ್ತದೆ. ಉರಿಯದ ಹೊಗೆ ಅಂದರೆ ಉರಿಯದ ಸೌದೆಯೇ.

ಹಾಗಾಗಿ ಹಸಿ ಸೌದೆ ಕೊಳ್ಳುವುದಾದರೆ ತೂಕಕ್ಕೆ ಬೇಡ, ಒಟ್ಟಿಲಿನ ಉದ್ದ, ಅಗಲ, ಎತ್ತರ ಅಳೆದು ಕೊಳ್ಳಿ. ಒಣ ಸೌದೆಯನ್ನು ಮಾತ್ರ ತೂಕಕ್ಕೆ ಕೊಳ್ಳಿ.

ಒಣಗಿದೆಯೋ ಇಲ್ಲವೋ ನೋಡಲು ಯಂತ್ರ ಬೇಕಿಲ್ಲ. ರಾಶಿಯ ನಡುವಿನಿಂದ ಒಂದು ತುಂಡು ತೆಗೆದು ತೂಗಿ. ಒಲೆಯ ಬಿಸಿ ಕಟ್ಟೆಯ ಮೇಲೆ ಇಟ್ಟು ದಿನಾ ತೂಗುತ್ತಾ ಹೋಗಿ. ತೂಕ ಇಳಿಯುವುದು ನಿಂತಾಗ, ಮೊದಲು 1,000 ಗ್ರಾಂ ಇದ್ದದ್ದು 800ಕ್ಕೆ ಬಂದಿದ್ದರೆ ನೂರಕ್ಕೆ 20 ನೀರಿತ್ತು ಅಂತ ಅರ್ಥ. ಅಷ್ಟಿದ್ದರೆ ಉರಿಸಲು ಅಡ್ಡಿಯಿಲ್ಲ. 700ಕ್ಕೆ ಬಂದರೆ ಆ ರಾಶಿ ಇನ್ನೂ ಕಾಯಬೇಕು. ಹಳಬರು ಎರಡು ತುಂಡು ಬಡಿದು ನೋಡುತ್ತಾರೆ. ಠಣ್ ಅಂದರೆ ಒಣಗಿದೆ, ದಬ್ ಅಂದರೆ ಇಲ್ಲ. ಅಭ್ಯಾಸವಾದ ಕಿವಿಗೆ ಅದೂ ಸಾಕು.

ಸೌದೆಮನೆ

ಇಲ್ಲಿ ಸ್ವಲ್ಪ ನಿಲ್ಲೋಣ. ಎಷ್ಟೋ ಶಾಲೆಗಳು ಒಲೆಗೆ ಖರ್ಚು ಮಾಡಿ ಸೌದೆಯನ್ನು ಟಾರ್ಪಾಲಿನ ಕೆಳಗೆ ಬಿಡುತ್ತವೆ. ಮಲೆನಾಡಿನ ಮಳೆಗೆ ಟಾರ್ಪಾಲು ಏನೂ ಅಲ್ಲ. ಮೇಲಿನಿಂದ ನೀರು ತಡೆದರೂ ನೆಲದ ತೇವ ಒಳಗೇ ಕೂತು ಸೌದೆಗೆ ಬೂಸ್ಟು ಹಿಡಿಯುತ್ತದೆ.

ನಮ್ಮ 60 ಮಕ್ಕಳ ಲೆಕ್ಕಕ್ಕೆ ಮೂರು ಟನ್, ಮೇಲೆ ಸ್ವಲ್ಪ ಹೆಚ್ಚುವರಿ ಸೇರಿಸಿ ನಾಲ್ಕು ಟನ್ ಇಡಬೇಕು. 12 ಅಡಿ ಉದ್ದ, 6 ಅಡಿ ಅಗಲ, 6 ಅಡಿ ಎತ್ತರದ ಒಟ್ಟಿಲಿಗೆ ಜಾಗವಿದ್ದರೆ ಅದು ಹಿಡಿಯುತ್ತದೆ. ಕಟ್ಟುವುದು ಸುಲಭ: ನಾಲ್ಕು ಕಂಬ, ಹೆಂಚು ಅಥವಾ ಶೀಟಿನ ಮಾಡು, ಸುತ್ತಲೂ ಎರಡಡಿ ಸೂರು. ನಮ್ಮ ಜಡಿಮಳೆ ಪಶ್ಚಿಮದಿಂದ, ನೈಋತ್ಯದಿಂದ ಬೀಸಿ ಹೊಡೆಯುತ್ತದೆ. ಆ ಎರಡು ಕಡೆಗೆ ಮಾತ್ರ ಗೋಡೆ ಅಥವಾ ತಟ್ಟಿ ಹಾಕಿ. ಉಳಿದ ಕಡೆ ಗಾಳಿಯಾಡಲು ತೆರೆದಿರಲಿ. ನೆಲದಿಂದ ಒಂದಡಿ ಎತ್ತರಕ್ಕೆ ಜಂಬಿಟ್ಟಿಗೆ ಇಟ್ಟು ಅದರ ಮೇಲೆ ಅಡಕೆ ದಬ್ಬೆ ಹಾಸಿ, ಆಮೇಲೆ ಸೌದೆ ಒಟ್ಟಿ. ಗೋಡೆಗೆ ತಾಗಿಸಬೇಡಿ, ಒಂದು ಗೇಣು ಬಿಡಿ.

ಸೀಳುವುದು ಮುಖ್ಯ. ದಿಮ್ಮಿಯನ್ನು ಇಡಿಯಾಗಿ ಬಿಟ್ಟರೆ ತೊಗಟೆ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಮಣಿಕಟ್ಟಿನ ದಪ್ಪಕ್ಕೆ, ಒಂದೂವರೆ ಅಡಿ ಉದ್ದಕ್ಕೆ ಸೀಳಿದರೆ ನಮ್ಮ ಬೇಸಿಗೆಯ ಎರಡು ಮೂರು ತಿಂಗಳಲ್ಲಿ ಒಣಗುತ್ತದೆ. ಕಡಿಯುವುದು, ತರಿಸುವುದು ಜನವರಿಯೊಳಗೆ ಆಗಲಿ. ಫೆಬ್ರವರಿಯಲ್ಲಿ ಸೀಳಿಸಿ. ಮಾರ್ಚ್, ಏಪ್ರಿಲ್ ಬಿಸಿಲಿಗೆ ಹೊರಗೇ ಸಡಿಲವಾಗಿ ಒಟ್ಟಿ. ಏಪ್ರಿಲ್ ಕೊನೆಗೆ ಭರಣಿ ಮಳೆಯ ಮೊದಲ ಗುಡುಗು ಕೇಳುವ ಮುಂಚೆ ಎಲ್ಲ ಮಾಡಿನ ಕೆಳಗೆ ಬಂದಿರಬೇಕು. ಜೂನ್‌ನಲ್ಲಿ ಸೌದೆ ಹುಡುಕಲು ಹೊರಟರೆ ಆ ವರ್ಷದ ಉಳಿತಾಯ ಮುಗಿದಂತೆ.

ಎಷ್ಟೇ ಒಣಗಿಸಿದರೂ ಜುಲೈನ ಗಾಳಿಯಿಂದ ಸೌದೆ ಮತ್ತೆ ತೇವ ಎಳೆದುಕೊಳ್ಳುತ್ತದೆ. ಇದಕ್ಕೆ ನಮ್ಮ ಹಳೆಯ ಮನೆಗಳಲ್ಲಿ ಒಲೆಯ ಮೇಲೆ ಅಟ್ಟ ಇರುತ್ತಿತ್ತು. ಅದೇ ಉಪಾಯ ಇಲ್ಲೂ ಮಾಡಿ. ಚಿಮಣಿಯಿಂದ ಎರಡಡಿ ದೂರದಲ್ಲಿ ಕಬ್ಬಿಣದ ಪಟ್ಟಿಯ ಅಟ್ಟಣೆ ಕಟ್ಟಿ, ಮೂರು ದಿನದ ಸೌದೆ ಸದಾ ಅಲ್ಲಿರಲಿ. ಅದಕ್ಕಿಂತ ಹತ್ತಿರ ಬೇಡ, ಬೆಂಕಿ ಹಿಡಿಯಬಹುದು.

ಸೌದೆ ತೆಗೆಯಲು ಮಕ್ಕಳನ್ನು ಕಳಿಸಬೇಡಿ. ಮಳೆಗಾಲದಲ್ಲಿ ಹಾವು, ಚೇಳು ಬೆಚ್ಚಗಿನ ಒಣ ಜಾಗ ಹುಡುಕಿಕೊಂಡು ಬರುವುದು ಅಲ್ಲಿಗೇ. ದೊಡ್ಡವರೂ ಟಾರ್ಚ್ ಹಿಡಿದು, ಕೋಲಿನಿಂದ ಬಡಿದು ತೆಗೆಯಬೇಕು.

ಒಲೆ ಕಟ್ಟುವುದು

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರದವರು ರೂಪಿಸಿದ ಅಸ್ತ್ರ ಒಲೆಯ ಹೆಸರು ನಮ್ಮ ಹಳ್ಳಿಗಳಲ್ಲಿ ಅನೇಕರಿಗೆ ನೆನಪಿದೆ. ಅದರ ತತ್ವ ಸರಳ. ಬೆಂಕಿಯನ್ನು ಮುಚ್ಚಿದ ಗೂಡಿನಲ್ಲಿ ಇಡು, ಕೆಳಗಿನಿಂದ ಜಾಲರಿಯ ಮೂಲಕ ಗಾಳಿ ಕೊಡು, ಹೊರಗೆ ಹೋಗುವ ಬಿಸಿ ಹೊಗೆಯನ್ನು ಇನ್ನೊಂದು ಪಾತ್ರೆಯ ಕೆಳಗೆ ಹಾಯಿಸಿ ಆಮೇಲೆ ಚಿಮಣಿಗೆ ಬಿಡು. ಬಚ್ಚಲೊಲೆಗೂ ಇದನ್ನೇ ಅಳವಡಿಸಬಹುದು.

200 ಲೀಟರಿನ ಎರಡು ಹಂಡೆ ಸಾಲಾಗಿ ಕೂರಿಸಿ. ಮೊದಲನೆಯದರ ಕೆಳಗೆ ಬೆಂಕಿ, ಎರಡನೆಯದರ ಕೆಳಗೆ ಹೊಗೆಯ ದಾರಿ. ಮೊದಲನೆಯದು 75 ಡಿಗ್ರಿಗೆ, ಎರಡನೆಯದು 50 ಡಿಗ್ರಿಗೆ ಬಂದಾಗ ಎರಡನ್ನೂ 500 ಲೀಟರ್ ತಣ್ಣೀರಿಗೆ ಬೆರೆಸಿದರೆ 40 ಡಿಗ್ರಿಯ 900 ಲೀಟರ್ ಸಿಗುತ್ತದೆ. ಬೆರೆಸುವುದು ಬೇರೆ ತೊಟ್ಟಿಯಲ್ಲಿ, ದೊಡ್ಡವರ ಕೈಯಿಂದ. ಮಕ್ಕಳ ನಲ್ಲಿಗೆ ಬೆರೆಸಿದ ನೀರು ಮಾತ್ರ ಹೋಗಬೇಕು. 75 ಡಿಗ್ರಿ ನೀರು ಕ್ಷಣದಲ್ಲಿ ಮೈ ಸುಡುತ್ತದೆ. ಈ ಒಂದು ವಿಷಯದಲ್ಲಿ ಯಾವ ರಿಯಾಯಿತಿಯೂ ಬೇಡ.

ಹಂಡೆ ತಾಮ್ರದ್ದಾದರೆ ಬಹಳ ಒಳ್ಳೆಯದು, ಆದರೆ ಬೆಲೆ ಜಾಸ್ತಿ. ದಪ್ಪ ತಳದ ಸ್ಟೀಲ್ ಆದರೂ ನಡೆಯುತ್ತದೆ. ರಾಸಾಯನಿಕ ತುಂಬಿದ್ದ ಹಳೆಯ ಡ್ರಮ್ ಬೇಡವೇ ಬೇಡ. ಮುಚ್ಚಳ ಇರಬೇಕು, ಆದರೆ ಬಿಗಿಯಾಗಿ ಮುಚ್ಚುವಂತಿರಬಾರದು. ಒಲೆಯೊಳಗೆ ಪೈಪಿನ ಸುರುಳಿ ಹಾಕಿಸುವವರು ಆವಿ ಹೋಗುವ ಪೈಪನ್ನು ಸದಾ ತೆರೆದಿಡಬೇಕು, ಅದಕ್ಕೆ ವಾಲ್ವ್ ಹಾಕಲೇಬಾರದು. ಮುಚ್ಚಿದ ಪಾತ್ರೆಯಲ್ಲಿ ನೀರು ಕುದಿದರೆ ಅದು ಸಿಡಿಯುತ್ತದೆ.

ಅಳತೆಗೆ ಬರೋಣ. ಬೀಡು ಕಬ್ಬಿಣದ ಜಾಲರಿ ಸುಮಾರು 14 ಅಂಗುಲ ಚೌಕ, ಸರಳುಗಳ ನಡುವೆ ಬೆರಳು ದಪ್ಪ ಸಂದು. ಜಾಲರಿಯಿಂದ ಹಂಡೆಯ ತಳಕ್ಕೆ ಒಂದಡಿ. ಹಂಡೆಯ ಕೆಳಭಾಗದ ಸುತ್ತ ಒಲೆಗೋಡೆಗೂ ಹಂಡೆಗೂ ಒಂದೇ ಅಂಗುಲ ಸಂದು. ಗಾರೆಯವರು ಇಲ್ಲಿ ಮೂರ‍್ನಾಲ್ಕು ಅಂಗುಲ ಬಿಡುತ್ತಾರೆ. ಆಗ ಉರಿ ಹಂಡೆಯನ್ನು ಮುಟ್ಟದೆ ಸೀದಾ ಹೊರಟುಹೋಗುತ್ತದೆ. ಪಕ್ಕದಲ್ಲಿ ನಿಂತು ಕಟ್ಟಿಸಿ. ಎರಡು ಹಂಡೆಗಳ ನಡುವಿನ ಸುರಂಗ 5 ಅಂಗುಲ ಅಗಲ, 6 ಅಂಗುಲ ಎತ್ತರ. ಚಿಮಣಿ 6 ಅಂಗುಲ ವ್ಯಾಸ, 12ರಿಂದ 15 ಅಡಿ ಎತ್ತರ, ಮಾಡಿನ ನೆತ್ತಿಗಿಂತ ಮೂರಡಿ ಮೇಲೆ. ಆಸ್ಬೆಸ್ಟಾಸ್ ಪೈಪ್ ಬೇಡ, ಕಬ್ಬಿಣ ಅಥವಾ ಇಟ್ಟಿಗೆಯದು ಇರಲಿ. ಬುಡದಲ್ಲಿ ಮಸಿ ತೆಗೆಯಲು ಸಣ್ಣ ಬಾಗಿಲು, ತಲೆಗೆ ಮಳೆ ಟೋಪಿ, ನಡುವೆ ಹೊಗೆ ಹಿಡಿತಕ್ಕೆ ಒಂದು ತಗಡಿನ ತಡೆ.

ಬೆಂಕಿ ತಗಲುವ ಒಳಗೋಡೆಗೆ ಸಿಮೆಂಟ್ ಬೇಡ, ಶಾಖಕ್ಕೆ ಬಿರುಕು ಬಿಡುತ್ತದೆ. ಸುಟ್ಟ ಇಟ್ಟಿಗೆಯನ್ನು ಮಣ್ಣಿನ ಗಾರೆಯಲ್ಲಿ ಕಟ್ಟಿ. ಹೊರಗೋಡೆಗೆ ಜಂಬಿಟ್ಟಿಗೆ. ಎರಡರ ನಡುವೆ ನಾಲ್ಕು ಅಂಗುಲ ಬಿಟ್ಟು ಭತ್ತದ ಹೊಟ್ಟಿನ ಬೂದಿ ತುಂಬಿ. ಶಾಖ ಹೊರಗೆ ಹೋಗದಂತೆ ತಡೆಯಲು ಇದಕ್ಕಿಂತ ಅಗ್ಗದ್ದು, ಒಳ್ಳೆಯದು ನಮ್ಮ ಕಡೆ ಸಿಗುವುದಿಲ್ಲ. ಅಡಕೆ ಬೇಯಿಸುವ ಒಲೆ ಕಟ್ಟಿದ ಅನುಭವ ಇರುವ ಮೇಸ್ತ್ರಿ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಕಟ್ಟಿದ ಮೇಲೆ ಎರಡು ವಾರ ಒಣಗಲು ಬಿಡಿ, ಆಮೇಲೆ ಮೂರು ದಿನ ಸಣ್ಣ ಉರಿ ಮಾತ್ರ ಹಾಕಿ.

ಈಗ ಪರೀಕ್ಷೆ. ತೂಗಿದ ಸೌದೆ ಹಾಕಿ, ನೀರಿನ ಲೀಟರನ್ನು ಏರಿದ ಡಿಗ್ರಿಯಿಂದ ಗುಣಿಸಿ, ಅದನ್ನು ಉರಿದ ಕೆಜಿಗಳ 3,500 ಪಟ್ಟಿನಿಂದ ಭಾಗಿಸಿ, ಬಂದದ್ದನ್ನು ನೂರರಿಂದ ಗುಣಿಸಿ. 16,200 ಬರಲು 15 ಕೆಜಿ ಆಗಿದ್ದರೆ ನೂರಕ್ಕೆ 31. ಇದು ಒಳ್ಳೆಯ ಒಲೆ. 20ಕ್ಕಿಂತ ಕಡಿಮೆ ಬಂದರೆ ಮೇಸ್ತ್ರಿಗೆ ಪೂರ್ತಿ ದುಡ್ಡು ಕೊಡುವ ಮುಂಚೆ ಹಂಡೆಯ ಸುತ್ತಲಿನ ಸಂದು ಸರಿ ಮಾಡಿಸಿ.

ಬಟ್ಟೆ ಒಣಗಿಸುವ ಕೋಣೆ

ಹೊಗೆ ಎರಡನೇ ಹಂಡೆ ದಾಟಿದ ಮೇಲೂ ಅದರಲ್ಲಿ ಬಿಸಿ ಉಳಿದಿರುತ್ತದೆ. ಚಿಮಣಿಗೆ ಹೋಗುವ ಮುನ್ನ ಅದನ್ನು ಪಕ್ಕದ ಕೋಣೆಯ ಗೋಡೆಗುಂಟ ಇಟ್ಟಿಗೆಯ ಕಟ್ಟೆಯೊಳಗೆ ಆರೇಳು ಅಡಿ ಹಾಯಿಸಿ. ಕಟ್ಟೆ ಬೆಚ್ಚಗಾಗುತ್ತದೆ. ಮೇಲೆ ಹಗ್ಗ ಕಟ್ಟಿ ಬಟ್ಟೆ ಹರವಿ. ಕೆಳಗೊಂದು, ಸೂರಿನ ಬಳಿ ಒಂದು ಕಿಂಡಿ ಬಿಡಿ, ಇಲ್ಲದಿದ್ದರೆ ತೇವ ಹೋಗದೆ ಬಟ್ಟೆ ಬಿಸಿಯಾಗುತ್ತದೆ, ಒಣಗುವುದಿಲ್ಲ. ಕಟ್ಟೆಯನ್ನು ಇನ್ನೂ ಉದ್ದ ಮಾಡುವ ಆಸೆ ಬೇಡ, ಹೊಗೆ ತೀರಾ ತಣ್ಣಗಾದರೆ ಚಿಮಣಿ ಎಳೆಯುವುದಿಲ್ಲ.

ಮಳೆಯಲ್ಲಿ ನೆನೆದು ಬಂದ ಮಕ್ಕಳು ಬೆನ್ನು ಕಾಯಿಸಿಕೊಳ್ಳಲೂ ಈ ಕಟ್ಟೆ ಸಾಕು. ಆದರೆ ತರಗತಿಗೆ, ಮಲಗುವ ಕೋಣೆಗೆ ಕೆಂಡದ ಅಗ್ಗಿಷ್ಟಿಕೆ ಒಯ್ಯಬೇಡಿ. ಮುಚ್ಚಿದ ಕೋಣೆಯಲ್ಲಿ ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಮಲಗಿದ ಮಕ್ಕಳು ಏಳುವುದೇ ಇಲ್ಲ. ಇಟ್ಟಿಗೆ ಕಟ್ಟೆಯಲ್ಲಿ ಬಿರುಕು ಕಂಡರೆ ಅವತ್ತೇ ಮಣ್ಣು ಮೆತ್ತಿಸಿ, ಅಲ್ಲಿಯವರೆಗೆ ಆ ಕೋಣೆ ಬಳಸಬೇಡಿ.

ದಿನದ ನಡೆ

ಸಿಪ್ಪೆ, ಕರಟದಿಂದ ಹಚ್ಚಿ, ಸಣ್ಣ ಸೀಳು ಹಾಕಿ, ಜ್ವಾಲೆ ನಿಂತ ಮೇಲೆ ದಪ್ಪದ್ದು. ಒಮ್ಮೆಗೆ ಗೂಡು ತುಂಬಬೇಡಿ. ಎರಡೂವರೆ ಗಂಟೆಯಲ್ಲಿ 15 ಕೆಜಿ ಉರಿಯಬೇಕು ಅಂದರೆ ಹತ್ತು ನಿಮಿಷಕ್ಕೆ ಒಂದು ಕೆಜಿ ಲೆಕ್ಕ. ಉರಿ ಮುಗಿದು ಕೆಂಡ ಪೂರ್ತಿ ಆರಿದ ಮೇಲೆ ಚಿಮಣಿಯ ತಡೆ ಮುಚ್ಚಿದರೆ ಹಂಡೆಯ ನೀರು ತುಂಬ ಹೊತ್ತು ಬಿಸಿ ಇರುತ್ತದೆ. ಕೆಂಡ ಇರುವಾಗಲೇ ಮುಚ್ಚಬಾರದು, ಹೊಗೆ ಕೋಣೆಗೆ ತಿರುಗುತ್ತದೆ. ತಿಂಗಳಿಗೊಮ್ಮೆ ಹಂಡೆಯ ತಳದ ಮಸಿ ಕೆರೆಯಿಸಿ, ಚಿಮಣಿ ಗುಡಿಸಿ.

ಬೂದಿಯನ್ನು ಕಬ್ಬಿಣದ ಡಬ್ಬದಲ್ಲಿ ಮುಚ್ಚಿ ಒಂದು ದಿನ ಇಟ್ಟು, ಆಮೇಲೆ ಕೈತೋಟಕ್ಕೆ ಹಾಕಿ. ನಮ್ಮ ಮಲೆನಾಡಿನ ಹುಳಿ ಮಣ್ಣಿಗೆ ಬೂದಿ ಒಳ್ಳೆಯ ಮದ್ದು. ಪೊಟ್ಯಾಷ್ ಕೂಡ ಸಿಗುತ್ತದೆ.

ಒಲೆಯ ಪಕ್ಕ ಒಂದು ತಕ್ಕಡಿ, ದಾರ ಕಟ್ಟಿದ ಒಂದು ನೋಟ್‌ಬುಕ್ ಇರಲಿ. ದಿನಾಂಕ, ಎಷ್ಟು ಕೆಜಿ, ಎಷ್ಟು ಮಕ್ಕಳು, ಇಷ್ಟೇ ಬರೆಯಬೇಕು. ತಿಂಗಳ ಕೊನೆಗೆ ಒಂದು ಮಗುವಿಗೆ ಎಷ್ಟು ಕೆಜಿ ಬಂತು ನೋಡಿ. ನಮ್ಮ ಲೆಕ್ಕದಲ್ಲಿ ಅದು ದಿನಕ್ಕೆ ಕಾಲು ಕೆಜಿ. 350 ಗ್ರಾಂ ಆಗಿದ್ದರೆ ಮೊದಲು ಸೌದೆಯ ತೇವ ನೋಡಿ, ಆಮೇಲೆ ಮಸಿ, ಆಮೇಲೆ ಮುಚ್ಚಳ. ಅದರಲ್ಲೇ ಎಲ್ಲೋ ಕಾರಣ ಸಿಗುತ್ತದೆ. ಡಿಸೆಂಬರಿನ ಹೊತ್ತಿಗೆ ಆ ಪುಸ್ತಕವನ್ನು ಸಮಿತಿಯ ಸಭೆಗೆ ತೆಗೆದುಕೊಂಡು ಹೋಗಿ, ಮುಂದಿನ ವರ್ಷಕ್ಕೆ ಎಷ್ಟು ಟನ್ ಬೇಕು ಅಂತ ಅದನ್ನು ನೋಡಿಯೇ ತೀರ್ಮಾನಿಸಿ. ಅಡಕೆ ಸುಲಿತ ಮುಗಿಯುವ ಮುಂಚೆ ಊರಿನ ತೋಟದವರಿಗೆ ಸಿಪ್ಪೆ ಶಾಲೆಗೆ ಬೇಕು ಅಂತ ಹೇಳಿಡಿ.